ಮಾನವ ಹಕ್ಕು ಹುಟ್ಟಿನಿಂದ ಬಂದದ್ದೇ ಸರಿ, ಜಾರಿ ಮಾಡುವ ಅಧಿಕಾರ ಯಾರದ್ದು?

1948ರ ಡಿಸೆಂಬರ್ 9ರಂದು ದೆಹಲಿಯ ಸಂವಿಧಾನ ರಚನಾ ಸಭೆಯಲ್ಲಿ ಕರಡಿನ 25ನೇ ವಿಧಿ ಚರ್ಚೆಗೆ ಬಂದಿತ್ತು. ಈಗ ನಾವು 32ನೇ ವಿಧಿ ಎಂದು ಓದುವುದು ಅದನ್ನೇ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು ಎನ್ನುವ ಈ ವಿಧಿಯನ್ನು ಅಂಬೇಡ್ಕರ್ ಅವರು ಸಂವಿಧಾನದ ಆತ್ಮ, ಹೃದಯ ಎಂದು ಕರೆದದ್ದು ಆ ದಿನವೇ. ಮರುದಿನ, ಡಿಸೆಂಬರ್ 10ರಂದು, ಪ್ಯಾರಿಸ್‌ನಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 48 ಮತ, ವಿರುದ್ಧ ಒಂದೂ ಇಲ್ಲ, 8 ದೇಶಗಳು ತಟಸ್ಥ. ಎರಡೂ ಕಡೆ ಕೆಲಸ ಮಾಡಿದ್ದ ಒಬ್ಬರಿದ್ದರು: ಹಂಸಾ ಮೆಹ್ತಾ. ಸಂವಿಧಾನ ರಚನಾ ಸಭೆಯ ಸದಸ್ಯೆಯಾಗಿದ್ದ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯೂ ಆಗಿದ್ದರು.

ಒಂದೇ ದಿನದ ಅಂತರದಲ್ಲಿ ಬಂದ ಈ ಎರಡರ ಸ್ವಭಾವ ಪೂರ್ತಿ ಬೇರೆ. ಪ್ಯಾರಿಸ್ ಘೋಷಣೆಯ 30 ವಿಧಿಗಳು ಮನುಷ್ಯರೆಲ್ಲ ಹುಟ್ಟಿನಿಂದಲೇ ಸ್ವತಂತ್ರರು, ಘನತೆಯಲ್ಲಿ ಸಮಾನರು ಎಂದು ಹೇಳುತ್ತವೆ. ಯಾರಾದರೂ ಅದನ್ನು ಮುರಿದರೆ ದೂರನ್ನು ಎಲ್ಲಿ ಕೊಡಬೇಕು ಎಂಬುದು ಅದರಲ್ಲಿ ಇಲ್ಲ. ಅದೊಂದು ನಿರ್ಣಯ, ಕಾನೂನಿನ ಬಲ ಅದಕ್ಕಿರಲಿಲ್ಲ. ದೆಹಲಿಯ ವಿಧಿಯಲ್ಲಿ ಹಕ್ಕು ಎಲ್ಲಿಂದ ಬಂತು ಎಂಬ ಮಾತೇ ಇಲ್ಲ. ಕೋರ್ಟು ಯಾವುದು, ಅದು ಯಾವ ರಿಟ್ (ಹಕ್ಕು ಕಾಯಲು ಸರ್ಕಾರಕ್ಕೆ ಕೊಡುವ ಆದೇಶ) ಹೊರಡಿಸಬಹುದು ಎಂಬುದಷ್ಟೇ ಇದೆ. ಭಾರತದಲ್ಲಿ ಮಾನವ ಹಕ್ಕುಗಳ ಬಗ್ಗೆ ಇಂದು ನಡೆಯುವ ಬಹುಪಾಲು ಗೊಂದಲಕ್ಕೆ ಕಾರಣ, ಮೊದಲನೆಯದರ ಮಾತನ್ನು ಎರಡನೆಯದರ ಅಧಿಕಾರ ಎಂದು ತಿಳಿಯುವುದು.

ಹಾಗೆಂದು ಹಕ್ಕಿನ ಮೂಲ ಯಾವುದು ಎಂಬ ಪ್ರಶ್ನೆ ತತ್ವಶಾಸ್ತ್ರದ ತರಗತಿಗೆ ಮಾತ್ರ ಸೇರಿದ್ದಲ್ಲ. 1976ರಲ್ಲಿ ಅದು ಸಾವಿರಾರು ಜನರ ಜೈಲುವಾಸವನ್ನು ತೀರ್ಮಾನಿಸಿತ್ತು. ತುರ್ತು ಪರಿಸ್ಥಿತಿಯಲ್ಲಿ ರಾಷ್ಟ್ರಪತಿಗಳ ಆದೇಶದಿಂದ, ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಯ ಜಾರಿಗಾಗಿ ಕೋರ್ಟಿಗೆ ಹೋಗುವುದು ಅಮಾನತಾಗಿತ್ತು. ಆದರೂ ಕರ್ನಾಟಕ ಹೈಕೋರ್ಟ್ ಸೇರಿದಂತೆ ಹಲವು ಹೈಕೋರ್ಟುಗಳು ಬಂಧಿತರ ಹೇಬಿಯಸ್ ಕಾರ್ಪಸ್ (ಬಂಧಿತನನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ) ಅರ್ಜಿಗಳನ್ನು ಕೇಳಲು ಒಪ್ಪಿದ್ದವು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನೆಲ್ಲ ಹಿಡಿದಿಟ್ಟಿದ್ದದ್ದು ಬೆಂಗಳೂರಿನಲ್ಲೇ. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ಸರ್ಕಾರದ ವಾದ ಸರಳವಾಗಿತ್ತು: ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಸಿಕ್ಕಿದ್ದೇ 21ನೇ ವಿಧಿಯಿಂದ, ಆ ವಿಧಿಯೇ ಅಮಾನತಾದ ಮೇಲೆ ಕೇಳಲು ಏನು ಉಳಿಯಿತು? 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಇದನ್ನು ಒಪ್ಪಿದರು. ಎಡಿಎಂ ಜಬಲ್ಪುರ ತೀರ್ಪು ಎಂದು ಹೆಸರಾದದ್ದು ಇದು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಸಂವಿಧಾನ ಬರುವ ಮೊದಲೂ ಯಾರನ್ನೂ ಕಾನೂನಿನ ಅಧಿಕಾರವಿಲ್ಲದೆ ಕೊಲ್ಲುವಂತಿರಲಿಲ್ಲ, ಕೂಡಿಹಾಕುವಂತಿರಲಿಲ್ಲ. ಆದ್ದರಿಂದ ಆ ಹಕ್ಕಿಗೆ 21ನೇ ವಿಧಿಯೊಂದೇ ನೆಲೆಯಲ್ಲ ಎಂಬುದು ಅವರ ನಿಲುವು.

ಸಂಸತ್ತು 1978ರಲ್ಲಿ 44ನೇ ತಿದ್ದುಪಡಿ ತಂದು, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಜಾರಿಯನ್ನು ಅಮಾನತು ಮಾಡದಂತೆ ಬೀಗ ಹಾಕಿತು. ಕೋರ್ಟು ತನ್ನ ತೀರ್ಪನ್ನು ಖುದ್ದು ತೆಗೆದುಹಾಕಲು 41 ವರ್ಷ ಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ 2012ರಲ್ಲಿ ಹೂಡಿದ ಅರ್ಜಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2017ರ ಆಗಸ್ಟ್ 24ರ ತೀರ್ಪು ಜೀವ ಮತ್ತು ಸ್ವಾತಂತ್ರ್ಯ ಮನುಷ್ಯನಾಗಿರುವುದರಿಂದಲೇ ಬಂದವು, ಸಂವಿಧಾನ ಅವನ್ನು ದಾನ ಮಾಡಿದ್ದಲ್ಲ, ಗುರುತಿಸಿದ್ದು ಎಂದಿತು. ಎಡಿಎಂ ಜಬಲ್ಪುರವನ್ನು ಹೆಸರು ಹೇಳಿ ರದ್ದುಮಾಡಿತು. ಹಾಗೆ ಬರೆದವರು ಡಿ.ವೈ. ಚಂದ್ರಚೂಡ್, 1976ರ ಬಹುಮತದಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡ್ ಇದ್ದರು.

ಮೂಲದ ಪ್ರಶ್ನೆ ನಮ್ಮಲ್ಲಿ ಹೀಗೆ ಬಗೆಹರಿದಿದೆ. ಜಾರಿಯದ್ದು ಬಗೆಹರಿದಿಲ್ಲ.

ಒಂದು ವ್ಯಾಖ್ಯಾನ, ಅದರ ಬಾಲ

‘ಮಾನವ ಹಕ್ಕು’ ಎಂದರೆ ಏನು ಎಂದು ಭಾರತದ ಕಾನೂನಿನಲ್ಲಿ ಬರೆದಿರುವುದು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 2(1)(ಡಿ) ಕಲಂನಲ್ಲಿ. ಜೀವ, ಸ್ವಾತಂತ್ರ್ಯ, ಸಮಾನತೆ, ವ್ಯಕ್ತಿಯ ಘನತೆಗೆ ಸಂಬಂಧಪಟ್ಟ ಹಕ್ಕುಗಳು; ಸಂವಿಧಾನ ಖಾತರಿ ಕೊಟ್ಟಿರುವುವು ಅಥವಾ ಅಂತರರಾಷ್ಟ್ರೀಯ ಒಡಂಬಡಿಕೆಗಳಲ್ಲಿ ಇರುವುವು. ಇಷ್ಟಕ್ಕೇ ನಿಂತಿದ್ದರೆ ವಿಶಾಲವಾಗಿಯೇ ಇತ್ತು. ಕೊನೆಗೆ ಒಂದು ಬಾಲ ಸೇರಿಸಿದ್ದಾರೆ: ಭಾರತದ ನ್ಯಾಯಾಲಯಗಳು ಜಾರಿಗೊಳಿಸಬಲ್ಲವು ಆಗಿರಬೇಕು.

ಭಾರತ 1979ರ ಏಪ್ರಿಲ್ 10ರಂದು ಎರಡು ದೊಡ್ಡ ಒಡಂಬಡಿಕೆಗಳಿಗೆ ಸೇರಿತು, ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದು ಒಂದು, ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳದ್ದು ಇನ್ನೊಂದು. ಸಹಿ ಬಿದ್ದ ಮಾತ್ರಕ್ಕೆ ಒಪ್ಪಂದ ನಮ್ಮಲ್ಲಿ ಕಾನೂನಾಗುವುದಿಲ್ಲ. ಸಂವಿಧಾನದ 253ನೇ ವಿಧಿಯಡಿ ಸಂಸತ್ತು ಕಾಯ್ದೆ ಮಾಡಬೇಕು. ಮಾಡದಿದ್ದರೆ ಕೋರ್ಟು ಒಪ್ಪಂದವನ್ನು ಸಂವಿಧಾನದ ಅರ್ಥ ಬಿಡಿಸಲು ಬಳಸಬಹುದು. 1997ರ ವಿಶಾಖಾ ತೀರ್ಪಿನಲ್ಲಿ ಆದದ್ದು ಇದೇ: ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಕಾಯ್ದೆ ಇರಲಿಲ್ಲ, ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣಾ ಒಪ್ಪಂದವನ್ನು ಓದಿಕೊಂಡು ಕೋರ್ಟೇ ಮಾರ್ಗಸೂಚಿ ಬರೆಯಿತು, ಸಂಸತ್ತಿನ ಕಾಯ್ದೆ ಬಂದದ್ದು 2013ರಲ್ಲಿ. ಆಹಾರ, ಶಿಕ್ಷಣದ ಹಕ್ಕುಗಳೂ ಹೀಗೇ ಕಾಯ್ದೆಯ ರೂಪ ಪಡೆದ ಮೇಲೆ ಕೈಗೆ ಸಿಕ್ಕವು. ವಸತಿಯ ವಿಷಯದಲ್ಲಿ ಇನ್ನೂ ತೀರ್ಪುಗಳನ್ನು ಜೋಡಿಸಿಕೊಂಡು ವಾದ ಮಾಡಬೇಕು.

ಆಯೋಗ ಏನು ಮಾಡಬಲ್ಲದು

ಇದೇ ಕಾಯ್ದೆಯಡಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರ ಅಕ್ಟೋಬರ್‌ನಲ್ಲಿ ಹುಟ್ಟಿತು. ಕರ್ನಾಟಕ ರಾಜ್ಯ ಆಯೋಗ 2007ರಿಂದ ಕೆಲಸ ಮಾಡುತ್ತಿದೆ. ಜನ ಆಯೋಗವನ್ನು ಕೋರ್ಟು ಎಂದು ತಿಳಿಯುತ್ತಾರೆ. ಸಾಕ್ಷಿಗಳನ್ನು ಕರೆಸುವುದು, ಕಡತ ತರಿಸುವುದು, ಅಫಿಡವಿಟ್ ಪಡೆಯುವುದು, ಇಷ್ಟರ ಮಟ್ಟಿಗೆ ಅದಕ್ಕೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ವಿಚಾರಣೆ ಮುಗಿದ ಮೇಲೆ 18ನೇ ಕಲಂ ಕೊಟ್ಟಿರುವುದು ಶಿಫಾರಸಿನ ಅಧಿಕಾರ: ಪರಿಹಾರ ಕೊಡಿ, ತಪ್ಪಿತಸ್ಥರ ಮೇಲೆ ಮೊಕದ್ದಮೆ ಹೂಡಿ, ಮಧ್ಯಂತರ ಪರಿಹಾರ ಕೊಡಿ. ಸರ್ಕಾರ ಒಂದು ತಿಂಗಳಲ್ಲಿ ಉತ್ತರಿಸಬೇಕು. ಶಿಫಾರಸನ್ನು ಒಪ್ಪದಿದ್ದರೆ, ವಾರ್ಷಿಕ ವರದಿಯನ್ನು ಸದನದಲ್ಲಿ ಇಡುವಾಗ ಕಾರಣವನ್ನೂ ಇಡಬೇಕು. ಸದನದ ಮುಂದೆ ಬರುವ ಹೊತ್ತಿಗೆ ವರದಿ ಹಳೆಯದಾಗಿರುತ್ತದೆ, ಅದರ ಮೇಲೆ ಚರ್ಚೆ ಆಗುವುದೇ ಅಪರೂಪ.

ಮಣಿಪುರದಲ್ಲಿ ನಡೆದವು ಎನ್ನಲಾದ 1,528 ನ್ಯಾಯಬಾಹಿರ ಹತ್ಯೆಗಳ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ ಸುಪ್ರೀಂ ಕೋರ್ಟಿನ ಮುಂದೆ ತನ್ನ ಪಾಡನ್ನು ತಾನೇ ಹೇಳಿಕೊಂಡಿತ್ತು. 2017ರ ಆದೇಶದಲ್ಲಿ ಕೋರ್ಟು ಅದನ್ನು ಹಲ್ಲಿಲ್ಲದ ಹುಲಿಯ ಸ್ಥಿತಿ ಎಂದು ಒಪ್ಪಿಕೊಂಡು ಬೇಸರ ಪಟ್ಟಿತು. ಮದ್ರಾಸ್ ಹೈಕೋರ್ಟಿನ ಬೇರೆ ಬೇರೆ ಪೀಠಗಳು ಶಿಫಾರಸಿನ ಬಲದ ಬಗ್ಗೆ ಒಂದಕ್ಕೊಂದು ವಿರುದ್ಧ ತೀರ್ಪು ಕೊಟ್ಟ ಮೇಲೆ, 2021ರ ಫೆಬ್ರುವರಿಯಲ್ಲಿ ಅಲ್ಲಿನ ಪೂರ್ಣಪೀಠ 18ನೇ ಕಲಂನ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುತ್ತದೆ, ಅದನ್ನು ಜಾರಿ ಮಾಡಲೇಬೇಕು ಎಂದಿತು. ತರ್ಕ ಒಪ್ಪುವಂಥದ್ದೇ. ಅಷ್ಟು ದೊಡ್ಡ ಸಂಸ್ಥೆ ಕಟ್ಟಿ, ನಿವೃತ್ತ ನ್ಯಾಯಮೂರ್ತಿಗಳನ್ನು ಕೂರಿಸಿ, ವಿಚಾರಣೆ ನಡೆಸಿ, ಕೊನೆಗೆ ಅದರ ಮಾತನ್ನು ಕಡತದಲ್ಲಿ ಮಡಿಚಿಡುವುದಾದರೆ ಕಾಯ್ದೆ ಯಾತಕ್ಕೆ? ಆದರೆ ಆ ತೀರ್ಪು ತಮಿಳುನಾಡಿನ ಆಚೆ ವಾದಕ್ಕೆ ಬಲ ಕೊಡುತ್ತದೆಯೇ ಹೊರತು ಕರ್ನಾಟಕ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಇಲ್ಲಿ ಶಿಫಾರಸು ಜಾರಿಯಾಗದಿದ್ದರೆ ಅದನ್ನೇ ಆಧಾರ ಮಾಡಿಕೊಂಡು ಹೈಕೋರ್ಟಿನಲ್ಲಿ ರಿಟ್ ಹಾಕುವುದು ದಾರಿ. 18ನೇ ಕಲಂನಡಿ ಆಯೋಗ ತಾನೇ ಹೈಕೋರ್ಟಿಗೆ ಅಥವಾ ಸುಪ್ರೀಂ ಕೋರ್ಟಿಗೆ ಹೋಗಬಹುದು. ಅರುಣಾಚಲದ ಚಕ್ಮಾ ನಿರಾಶ್ರಿತರಿಗಾಗಿ ರಾಷ್ಟ್ರೀಯ ಆಯೋಗ ಹಾಗೆ ಹೋಗಿ 1996ರಲ್ಲಿ ಆದೇಶ ತಂದಿತ್ತು. 21ನೇ ವಿಧಿ ನಾಗರಿಕರಲ್ಲದವರನ್ನೂ ಕಾಯುತ್ತದೆ ಎಂದು ಕೋರ್ಟು ಅಂದು ಹೇಳಿದ್ದು ಇವತ್ತಿನ ಪೌರತ್ವದ ಜಗಳಗಳಲ್ಲೂ ಕೆಲಸಕ್ಕೆ ಬರುತ್ತಿದೆ. ಆಯೋಗಗಳು ಈ ಅಧಿಕಾರವನ್ನು ಇಷ್ಟು ಕಡಿಮೆ ಬಳಸುವುದೇಕೆ ಎಂಬುದನ್ನು ಅವುಗಳನ್ನೇ ಕೇಳಬೇಕು.

ದೂರು ಕೊಡಲು ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯಬಹುದು, ಹಾಗಾಗಿ ದೆಹಲಿಯ ಆಯೋಗಕ್ಕೂ ಕನ್ನಡದಲ್ಲೇ ಬರೆಯಬಹುದು. ಆದರೂ ಬಹಳಷ್ಟು ದೂರುಗಳು ಆರಂಭದಲ್ಲೇ ವಜಾ ಆಗುತ್ತವೆ. ಕಾರಣಗಳು ಹೆಚ್ಚುಕಡಿಮೆ ಅವೇ. ಘಟನೆ ನಡೆದು ಒಂದು ವರ್ಷ ದಾಟಿದ್ದರೆ 36(2) ಕಲಂ ಅಡ್ಡ ಬರುತ್ತದೆ. ಅದೇ ವಿಷಯ ಕೋರ್ಟಿನಲ್ಲಿದ್ದರೆ, ಹೆಸರಿಲ್ಲದ ದೂರಾಗಿದ್ದರೆ, ಜಮೀನಿನ ವ್ಯಾಜ್ಯ, ಬಡ್ತಿ, ವರ್ಗಾವಣೆಯಂಥದ್ದಾಗಿದ್ದರೆ ತೆಗೆದುಕೊಳ್ಳುವುದಿಲ್ಲ. ಒಂದೇ ವಿಷಯವನ್ನು ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಕಳಿಸುವುದು ಜಾಣತನ ಎಂದು ಅನೇಕರು ತಿಳಿದಿದ್ದಾರೆ. ರಾಜ್ಯ ಆಯೋಗದಲ್ಲಿ ಬಾಕಿ ಇರುವುದನ್ನು ರಾಷ್ಟ್ರೀಯ ಆಯೋಗ ಮುಟ್ಟುವಂತಿಲ್ಲ, ಹಾಗಾಗಿ ಒಂದನ್ನೇ ಆರಿಸಿಕೊಳ್ಳಬೇಕು. ಕೇಂದ್ರದ ಪಡೆಗಳ ಮೇಲಿನ ದೂರಾದರೆ ರಾಜ್ಯ ಆಯೋಗಕ್ಕೆ ವ್ಯಾಪ್ತಿಯೇ ಇಲ್ಲ. ರಾಷ್ಟ್ರೀಯ ಆಯೋಗವೂ 19ನೇ ಕಲಂನಡಿ ಕೇಂದ್ರ ಸರ್ಕಾರದಿಂದ ವರದಿ ತರಿಸಿ, ಅದರ ಮೇಲೆ ಶಿಫಾರಸು ಮಾಡಬಹುದಷ್ಟೆ.

ಇನ್ನೊಂದು ಎಡವಟ್ಟು ಯಾರ ವಿರುದ್ಧ ದೂರು ಎಂಬುದರಲ್ಲಿ. ಆಯೋಗ ನೋಡುವುದು ಸರ್ಕಾರಿ ನೌಕರ ಮಾಡಿದ ಉಲ್ಲಂಘನೆಯನ್ನು, ಅಥವಾ ಉಲ್ಲಂಘನೆ ತಡೆಯುವಲ್ಲಿ ಆತ ತೋರಿದ ನಿರ್ಲಕ್ಷ್ಯವನ್ನು. ತೋಟದ ಮಾಲೀಕ ಕೂಲಿಯವರನ್ನು ಕೂಡಿಹಾಕಿದ್ದಾನೆ ಎಂದಷ್ಟೇ ಬರೆದರೆ ದೂರು ನಿಲ್ಲುವುದಿಲ್ಲ. ಇಂಥ ದಿನ ಇಂಥ ಅಧಿಕಾರಿಗೆ ಲಿಖಿತವಾಗಿ ತಿಳಿಸಿದೆವು, ಸ್ವೀಕೃತಿ ಇದೆ, ಆತ ಬರಲಿಲ್ಲ ಎಂದು ಬರೆದರೆ ನಿಲ್ಲುತ್ತದೆ. ಕೂಡಿಹಾಕಿದ್ದನ್ನು ಬಿಡಿಸುವ ಅಧಿಕಾರವಂತೂ ಆಯೋಗದ ಹತ್ತಿರ ಇಲ್ಲ. 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆಯಡಿ ಅದು ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿಗಳ ಕೆಲಸ. ಅವರು ಕೊಡುವ ಬಿಡುಗಡೆ ಪತ್ರವಿಲ್ಲದೆ ಪುನರ್ವಸತಿಯ ಹಣ ಹೊರಡುವುದಿಲ್ಲ. ತಕ್ಷಣದ ನೆರವು 30,000 ರೂಪಾಯಿವರೆಗೆ ಸಿಗುತ್ತದೆ. ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ ಎಂಬ ಪೂರ್ತಿ ಮೊತ್ತ ಮಾಲೀಕನಿಗೆ ಶಿಕ್ಷೆಯಾಗುವುದರ ಜೊತೆ ತಳುಕು ಹಾಕಿಕೊಂಡಿದೆ. ಶಿಕ್ಷೆ ಎಷ್ಟು ಅಪರೂಪ ಎಂಬುದು ಈ ಕೆಲಸದಲ್ಲಿರುವವರಿಗೆ ಗೊತ್ತು. ‘ಇದು ಜೀತವಲ್ಲ, ಮುಂಗಡದ ತಕರಾರು’ ಎಂದು ಮಹಜರಿನಲ್ಲಿ ಒಂದು ಸಾಲು ಬರೆದರೆ ಇಡೀ ಕಾಯ್ದೆ ಪಕ್ಕಕ್ಕೆ ಸರಿಯುತ್ತದೆ. ಆ ಒಂದು ಸಾಲಿನ ಮುಂದೆ ಎಲ್ಲ ಅಂತರರಾಷ್ಟ್ರೀಯ ಒಡಂಬಡಿಕೆಗಳೂ ಸುಮ್ಮನಾಗುತ್ತವೆ.

ಆಯೋಗದ ತನಿಖಾ ವಿಭಾಗದಲ್ಲಿ ಇರುವವರು ಪೊಲೀಸರೇ, ಎರವಲು ಸೇವೆಯ ಮೇಲೆ ಬಂದವರು. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ತನಿಖೆ ಮಾಡುವುದು, ನೇಮಕಾತಿಯಲ್ಲಿ ಪಾರದರ್ಶಕತೆ ಇಲ್ಲದಿರುವುದು, ಸದಸ್ಯರಲ್ಲಿ ವೈವಿಧ್ಯ ಸಾಲದಿರುವುದು, ಇವನ್ನೇ ಮುಂದಿಟ್ಟು ರಾಷ್ಟ್ರೀಯ ಆಯೋಗಗಳ ಜಾಗತಿಕ ಒಕ್ಕೂಟದ ಮಾನ್ಯತಾ ಸಮಿತಿ 2023 ಮತ್ತು 2024ರಲ್ಲಿ ಭಾರತದ ‘ಎ’ ಶ್ರೇಣಿಯ ನವೀಕರಣವನ್ನು ಮುಂದೂಡಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಾರಿನ ಮುಂದೆ ಕೆಂಪು ಬೋರ್ಡು, ಅದರ ಮೇಲೆ ‘ಮಾನವ ಹಕ್ಕುಗಳು’ ಎಂದು ದೊಡ್ಡಕ್ಷರ, ಜೇಬಿನಲ್ಲಿ ಲಾಂಛನವಿರುವ ಗುರುತಿನ ಚೀಟಿ, ಇಂಥವರು ಕರ್ನಾಟಕದ ಊರೂರಲ್ಲಿ ಸಿಗುತ್ತಾರೆ. ಅವರದ್ದು ನೋಂದಾಯಿತ ಸಂಘವೋ ಟ್ರಸ್ಟೋ ಇರಬಹುದು. ಕಾಯ್ದೆಯ ಪ್ರಕಾರ ಅವರಿಗೆ ಠಾಣೆಯಲ್ಲಿ ಕಡತ ಕೇಳುವ, ನೋಟಿಸು ಕೊಡುವ, ರಾಜಿ ಮಾಡಿಸುವ ಯಾವ ಅಧಿಕಾರವೂ ಇಲ್ಲ.

ಮೊದಲ 24 ಗಂಟೆ

ಹಕ್ಕು ಜಾರಿ ಮಾಡುವವರು ಯಾರು ಎಂದು ಕೇಳಿದರೆ ಹೆಚ್ಚಿನವರು ಸುಪ್ರೀಂ ಕೋರ್ಟಿನತ್ತ ಕೈ ತೋರಿಸುತ್ತಾರೆ. ಲೆಕ್ಕ ಹಾಕಿದರೆ ಆ ಅಧಿಕಾರ ಅತಿ ಹೆಚ್ಚು ಬಾರಿ ಚಲಾವಣೆಯಾಗುವುದು, ಅತಿ ಹೆಚ್ಚು ಬಾರಿ ವ್ಯರ್ಥವಾಗುವುದು ತಾಲ್ಲೂಕು ಕೋರ್ಟಿನ ಮ್ಯಾಜಿಸ್ಟ್ರೇಟರ ಮುಂದೆ. ಬಂಧಿಸಿದವರನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅವರ ಮುಂದೆ ತರಬೇಕು ಎಂದು 22(2)ನೇ ವಿಧಿ ಹೇಳುತ್ತದೆ, ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೇ ಕಲಂ ಅದನ್ನೇ ಮತ್ತೆ ಹೇಳುತ್ತದೆ. ಕಾನೂನಿನಲ್ಲಿ ಇಲ್ಲಿ ಕೊರತೆಯಿಲ್ಲ. 1996ರ ಡಿ.ಕೆ. ಬಸು ತೀರ್ಪಿನ 11 ನಿರ್ದೇಶನಗಳಿವೆ: ಬಂಧನದ ಮೆಮೊದಲ್ಲಿ ದಿನಾಂಕ, ಹೊತ್ತು, ಮನೆಯವರ ಅಥವಾ ಊರಿನ ಒಬ್ಬರ ಸಾಕ್ಷಿ ಸಹಿ, ಬಂಧಿತನ ಸಹಿ, ಮೈಮೇಲಿನ ಗಾಯಗಳ ಪಟ್ಟಿ, ಕಸ್ಟಡಿಯಲ್ಲಿರುವಷ್ಟು ದಿನ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ. 2020ರ ಡಿಸೆಂಬರ್‌ನಲ್ಲಿ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಾವಳಿಯನ್ನು 18 ತಿಂಗಳು ಇಟ್ಟುಕೊಳ್ಳಬೇಕು, ಅಷ್ಟು ಸಾಮರ್ಥ್ಯದ ಸಾಧನ ಸಿಗದಿದ್ದರೂ ಕನಿಷ್ಠ ಒಂದು ವರ್ಷ ಎಂದಿತು ಸುಪ್ರೀಂ ಕೋರ್ಟು. 2025ರ ನವೆಂಬರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಂಧನದ ಕಾರಣಗಳನ್ನು ಎಲ್ಲ ಅಪರಾಧಗಳಲ್ಲೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು, ಆ ಕ್ಷಣದಲ್ಲಿ ಆಗದಿದ್ದರೆ ರಿಮ್ಯಾಂಡ್‌ಗೆ (ಬಂಧನ ಮುಂದುವರಿಸುವ ಆದೇಶಕ್ಕೆ) ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು, ತಪ್ಪಿದರೆ ಬಂಧನವೇ ಅಕ್ರಮ ಎಂದಿದೆ.

ಹಾಗಾದರೆ ಎಲ್ಲಿ ಕೈತಪ್ಪುತ್ತದೆ? ಬಂಧನದ ಹೊತ್ತು ಬರೆಯುವಲ್ಲಿ. ‘ಸ್ವಲ್ಪ ವಿಚಾರಣೆ ಇದೆ, ಬಂದು ಹೋಗು’ ಎಂದು ಸೋಮವಾರ ರಾತ್ರಿ ಕರೆದುಕೊಂಡು ಹೋದವನ ಬಂಧನ ಮೆಮೊದಲ್ಲಿ ಬುಧವಾರ ಮಧ್ಯಾಹ್ನ ಎಂದಿರುತ್ತದೆ. ಗುರುವಾರ ಬೆಳಿಗ್ಗೆ ಕೋರ್ಟಿಗೆ ತಂದರೆ ಕಾಗದದ ಮೇಲೆ ಎಲ್ಲವೂ 24 ಗಂಟೆಯೊಳಗೇ. ಏಟು ಬಿದ್ದಿದ್ದರೆ ಅದು ಬಿದ್ದಿರುವುದು ಲೆಕ್ಕಕ್ಕೇ ಸಿಗದ ಆ ಒಂದೂವರೆ ದಿನದಲ್ಲಿ. ಇದನ್ನು ಒಡೆಯಲು ಮನೆಯವರ ಹತ್ತಿರ ಇರುವ ಅಸ್ತ್ರ ಒಂದೇ, ಹೊತ್ತು ನಮೂದಾದ ದಾಖಲೆ. ಕರೆದುಕೊಂಡು ಹೋದ ರಾತ್ರಿಯೇ ಎಸ್‌ಪಿ ಕಚೇರಿಗೆ ಇಮೇಲ್, 112ಕ್ಕೆ ಕರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ 15100 ಸಹಾಯವಾಣಿಗೆ ಕರೆ. ಯಾರು, ಎಷ್ಟು ಹೊತ್ತಿಗೆ, ಯಾವ ವಾಹನದಲ್ಲಿ, ಸಮವಸ್ತ್ರ ಇತ್ತೇ, ಎಷ್ಟು ಜನ ಬಂದಿದ್ದರು, ಇಷ್ಟು ಆ ಇಮೇಲಿನಲ್ಲಿದ್ದರೆ ಸಾಕು. ಬೀದಿಯ ಅಂಗಡಿಯ ಕ್ಯಾಮೆರಾ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುವುದರಿಂದ ಅದನ್ನು ಮೊದಲು ಕಾಪಿ ಮಾಡಿಕೊಳ್ಳಬೇಕು. ಠಾಣೆಯ ಸಿಸಿಟಿವಿ ಕಾಯ್ದಿರಿಸಿ ಎಂದು ಮೊದಲ ವಾರದಲ್ಲೇ ಲಿಖಿತವಾಗಿ ಕೇಳಬೇಕು; ಆರು ತಿಂಗಳ ನಂತರ ಕೇಳಿದರೆ ‘ತಾಂತ್ರಿಕ ದೋಷದಿಂದ ಲಭ್ಯವಿಲ್ಲ’ ಎಂಬ ಹಿಂಬರಹ ಬರುತ್ತದೆ.

ಆಮೇಲೆ ಮ್ಯಾಜಿಸ್ಟ್ರೇಟರ ಮುಂದಿನ ಎರಡು ನಿಮಿಷ. ‘ಪೊಲೀಸರಿಂದ ಏನಾದರೂ ತೊಂದರೆ ಆಗಿದೆಯಾ?’ ಎಂದು ಕೇಳುವುದು ಪದ್ಧತಿ. ಏಟು ಕೊಟ್ಟ ಪೇದೆ ಪಕ್ಕದಲ್ಲೇ ನಿಂತಿರುತ್ತಾನೆ, ಅದೇ ಠಾಣೆಗೆ ವಾಪಸು ಹೋಗುವ ಸಾಧ್ಯತೆಯೂ ಇರುತ್ತದೆ. ಉತ್ತರ ಬಹುತೇಕ ‘ಇಲ್ಲ ಸ್ವಾಮಿ’. ಆ ‘ಇಲ್ಲ’ ಆದೇಶ ಹಾಳೆಗೆ ಹೋಗಿ, ಮೂರು ವರ್ಷದ ನಂತರ ಹೈಕೋರ್ಟಿನಲ್ಲಿ ಸರ್ಕಾರಿ ವಕೀಲರ ಮೊದಲ ವಾದವಾಗುತ್ತದೆ. ಪೊಲೀಸರನ್ನು ಹೊರಗೆ ಕಳಿಸಿ ಕೇಳುವ, ಅಂಗಿ ತೆಗೆಸಿ ನೋಡುವ, ಬೇರೆ ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ತಪಾಸಣೆ ಮಾಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬೆಳಗಿನ ಕಲಾಪದಲ್ಲಿ ಹತ್ತಾರು ಕೇಸುಗಳ ಮಧ್ಯೆ ಅದನ್ನು ಮಾಡುವವರು ಮಾಡುತ್ತಾರೆ, ಬಿಡುವವರು ಬಿಡುತ್ತಾರೆ. ರಿಮ್ಯಾಂಡ್ ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರವೇ ಕೊಡುತ್ತದೆ, ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿ ಇಲ್ಲದೆ ಅದು ಉಚಿತ. ಆ ವಕೀಲರು ಕೇಳಬೇಕಾದ್ದು ಎರಡು: ವೈದ್ಯಕೀಯ ವರದಿಯ ಪ್ರತಿ, ಮತ್ತು ಬಂಧನದ ನಿಜವಾದ ಹೊತ್ತಿನ ಬಗ್ಗೆ ಬಂಧಿತನ ಮಾತು ಆದೇಶ ಹಾಳೆಯಲ್ಲಿ ದಾಖಲಾಗುವುದು. ಹೊಸ ಸಂಹಿತೆಯ 187ನೇ ಕಲಂ 15 ದಿನಗಳ ಪೊಲೀಸ್ ಕಸ್ಟಡಿಯನ್ನು ಮೊದಲ 40 ಅಥವಾ 60 ದಿನಗಳಲ್ಲಿ ತುಂಡು ತುಂಡಾಗಿ ಪಡೆಯಲು ಬಿಟ್ಟಿರುವುದರಿಂದ ಪ್ರತಿ ಸಲವೂ ಈ ಎರಡನ್ನು ಕೇಳಬೇಕಾಗುತ್ತದೆ.

ಹಾಜರುಪಡಿಸದೇ ಇದ್ದಾಗ ಹೈಕೋರ್ಟು. ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಹಾಕಬಹುದು, ಹಾಕುವವರು ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಅರ್ಜಿಯ ಸುದ್ದಿ ಠಾಣೆಗೆ ಮುಟ್ಟುತ್ತಿದ್ದಂತೆ ಆಳು ಮ್ಯಾಜಿಸ್ಟ್ರೇಟರ ಮುಂದೆ ಪ್ರತ್ಯಕ್ಷವಾಗುವುದುಂಟು. ಆಗ ಅರ್ಜಿ ಸಾಮಾನ್ಯವಾಗಿ ಮುಗಿದಂತೆಯೇ, ಏಕೆಂದರೆ ರಿಮ್ಯಾಂಡ್ ಆದೇಶವಾದ ಮೇಲೆ ಬಂಧನಕ್ಕೆ ನ್ಯಾಯಾಂಗದ ಮೊಹರು ಬಿದ್ದಿರುತ್ತದೆ. ಅಲ್ಲಿಗೆ ಬಿಟ್ಟುಬಿಡುವುದು ತಪ್ಪು ಲೆಕ್ಕ. ಅಕ್ರಮ ಬಂಧನದ ದಿನಗಳಿಗೆ ಪರಿಹಾರ ಕೇಳುವ ದಾರಿ ಇನ್ನೂ ತೆರೆದಿರುತ್ತದೆ.

ಆ ದಾರಿ ತೆರೆದ ಬಗೆಯೂ ವಿಚಿತ್ರ. 1979ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಸೇರುವಾಗ ಭಾರತ ಅದರ 9ನೇ ವಿಧಿಯ ಮೇಲೆ ಒಂದು ಘೋಷಣೆ ಸಲ್ಲಿಸಿತ್ತು: ಅಕ್ರಮ ಬಂಧನಕ್ಕೆ ಸರ್ಕಾರದಿಂದ ಪರಿಹಾರ ಪಡೆಯುವ ಹಕ್ಕು ನಮ್ಮ ವ್ಯವಸ್ಥೆಯಲ್ಲಿ ಇಲ್ಲ ಎಂದು. ನಾಲ್ಕೇ ವರ್ಷಕ್ಕೆ ರುದುಲ್ ಶಾ ಎಂಬವರ ಪ್ರಕರಣ ಬಂತು. 1968ರಲ್ಲಿ ಖುಲಾಸೆಯಾದವರನ್ನು ಬಿಹಾರದ ಜೈಲು 1982ರವರೆಗೆ, 14 ವರ್ಷ, ಇಟ್ಟುಕೊಂಡಿತ್ತು. ಬಿಡುಗಡೆಯ ರಿಟ್ ಕೊಡೋಣವೆಂದರೆ ಆಗಲೇ ಬಿಟ್ಟಾಗಿತ್ತು. 32ನೇ ವಿಧಿಯಡಿಯೇ ಸುಪ್ರೀಂ ಕೋರ್ಟು 35,000 ರೂಪಾಯಿ ಕೊಡಿಸಿತು, ಸಿವಿಲ್ ದಾವೆಯ ಹಕ್ಕನ್ನೂ ಉಳಿಸಿತು. ಬರೆದವರು ಎಡಿಎಂ ಜಬಲ್ಪುರದ ಬಹುಮತದಲ್ಲಿದ್ದ ಅದೇ ವೈ.ವಿ. ಚಂದ್ರಚೂಡ್. 1993ರಲ್ಲಿ ಒಡಿಶಾದ ನೀಲಾಬತಿ ಬೆಹರಾ ಅವರಿಗೆ, ಕಸ್ಟಡಿಯಲ್ಲಿ ಸತ್ತ 22 ವರ್ಷದ ಮಗನಿಗಾಗಿ, 1,50,000 ರೂಪಾಯಿ. ಡಿ.ಕೆ. ಬಸು ತೀರ್ಪು 1979ರ ಆ ಘೋಷಣೆಗೆ ಅರ್ಥವೇ ಉಳಿದಿಲ್ಲ ಎಂದಿತು. ಕೋರ್ಟು ತಾನೇ ಸೃಷ್ಟಿಸಿದ ಈ ಪರಿಹಾರವೇ ಇಂದು ಹೈಕೋರ್ಟುಗಳಲ್ಲಿ ನಿತ್ಯ ಬಳಕೆಯಲ್ಲಿದೆ.

ಕಸ್ಟಡಿಯಲ್ಲಿ ಸಾವಾದರೆ ಗಡುವುಗಳು ಬೇರೆ. ಜಿಲ್ಲಾಡಳಿತ ಅಥವಾ ಪೊಲೀಸರು 24 ಗಂಟೆಯೊಳಗೆ ರಾಷ್ಟ್ರೀಯ ಆಯೋಗಕ್ಕೆ ತಿಳಿಸಬೇಕು. ಸುರಕ್ಷಾ ಸಂಹಿತೆಯ 196ನೇ ಕಲಂನಡಿ, ಪೊಲೀಸ್ ತನಿಖೆಯ ಜೊತೆಗೇ ನ್ಯಾಯಾಂಗ ಮ್ಯಾಜಿಸ್ಟ್ರೇಟರು ಪ್ರತ್ಯೇಕ ವಿಚಾರಣೆ ನಡೆಸಬೇಕು. ಸಾಧ್ಯವಿರುವಲ್ಲೆಲ್ಲ ಸಂಬಂಧಿಕರಿಗೆ ತಿಳಿಸಿ, ವಿಚಾರಣೆಯಲ್ಲಿ ಕೂರಲು ಬಿಡಬೇಕು. ಮನೆಯವರನ್ನು ಕಾಯಿಸದೆ ಶವಪರೀಕ್ಷೆ ಮುಗಿಸಿಬಿಡುವ ಒತ್ತಡ ಬರುವುದು ಇಲ್ಲೇ. ಆಯೋಗದ ಸೂಚನೆಯಂತೆ ಶವಪರೀಕ್ಷೆಯ ವಿಡಿಯೊ ಆಗಬೇಕು ಎಂದು ಆಸ್ಪತ್ರೆಯಲ್ಲೇ ಬರೆದುಕೊಡುವುದು ಒಳ್ಳೆಯದು.

ದೇಶದ ಆಚೆ

ಯುರೋಪಿನವರು ಸ್ಟ್ರಾಸ್‌ಬರ್ಗ್‌ನ ಕೋರ್ಟಿಗೆ ತಮ್ಮ ಸರ್ಕಾರದ ಮೇಲೆಯೇ ಹೋಗಬಹುದು. ಅಮೆರಿಕ ಖಂಡಕ್ಕೆ ಸ್ಯಾನ್ ಹೊಸೆಯಲ್ಲಿ, ಆಫ್ರಿಕಕ್ಕೆ ಅರುಶಾದಲ್ಲಿ ಕೋರ್ಟುಗಳಿವೆ. ಏಷ್ಯಾಕ್ಕೆ ಒಂದೂ ಇಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ವ್ಯಕ್ತಿಗಳು ದೂರು ಕೊಡಲು ಬಿಡುವ ಐಚ್ಛಿಕ ಪ್ರೋಟೊಕಾಲ್‌ಗೆ ಭಾರತ ಸೇರಿಲ್ಲ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೂ ಸೇರಿಲ್ಲ. 47 ದೇಶಗಳ ಮಾನವ ಹಕ್ಕುಗಳ ಮಂಡಳಿ ನಾಲ್ಕೂವರೆ ವರ್ಷಕ್ಕೊಮ್ಮೆ ಪ್ರತಿ ದೇಶದ ಹಕ್ಕುಗಳ ಸ್ಥಿತಿಯ ಪರಾಮರ್ಶೆ ನಡೆಸುತ್ತದೆ, ಭಾರತದ್ದು ಕೊನೆಯದಾಗಿ 2022ರಲ್ಲಿ ಆಯಿತು. ಅಲ್ಲಿ ಬರುವ ಸಲಹೆಗಳನ್ನು ಒಪ್ಪುವುದು, ಗಮನಿಸಿದ್ದೇವೆ ಎನ್ನುವುದು, ಎಲ್ಲವೂ ಸರ್ಕಾರದ ಇಚ್ಛೆ. ಆ ಮಂಡಳಿ ಇರುವ ಜಿನೀವಾಕ್ಕೆ ಪತ್ರ ಬರೆದರೆ ಇಲ್ಲಿ ಕೆಲಸವಾಗುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ.

ಆ ಪರಾಮರ್ಶೆಗಳಲ್ಲಿ ಮತ್ತೆ ಮತ್ತೆ ಬರುವ ಸಲಹೆ ಚಿತ್ರಹಿಂಸೆ ವಿರೋಧಿ ಒಪ್ಪಂದದ್ದು. ಭಾರತ ಅದಕ್ಕೆ 1997ರ ಅಕ್ಟೋಬರ್‌ನಲ್ಲಿ ಸಹಿ ಹಾಕಿತು, ಸ್ಥಿರೀಕರಿಸಿಲ್ಲ, ಅಂದರೆ ಅದಕ್ಕೆ ಇನ್ನೂ ಬದ್ಧವಾಗಿಲ್ಲ. ಕಾರಣ, ನಮ್ಮ ದಂಡ ಕಾನೂನಿನಲ್ಲಿ ಚಿತ್ರಹಿಂಸೆ ಎಂಬ ಪ್ರತ್ಯೇಕ ಅಪರಾಧವೇ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂ ಹತ್ತಿರದ್ದು: ತಪ್ಪೊಪ್ಪಿಗೆ ಅಥವಾ ಮಾಹಿತಿ ಕಕ್ಕಿಸಲು ನೋವುಂಟುಮಾಡಿದರೆ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆ. ಆದರೆ ಉದ್ದೇಶ ಅದೇ ಆಗಿತ್ತು ಎಂದು ಸಾಬೀತು ಮಾಡಬೇಕು. ಬೀದಿಯಲ್ಲಿ ಎದುರು ಮಾತಾಡಿದ ಎಂದು ಠಾಣೆಗೆ ಎಳೆದುಕೊಂಡು ಹೋಗಿ ಹೊಡೆದರೆ ಅದು 115ನೇ ಕಲಂನ ಸಾಧಾರಣ ಗಾಯವಾಗಿ ಉಳಿಯಬಹುದು, ಗರಿಷ್ಠ ಒಂದು ವರ್ಷ. ಚಿತ್ರಹಿಂಸೆ ತಡೆ ಮಸೂದೆ 2010ರಲ್ಲಿ ಲೋಕಸಭೆ ದಾಟಿ ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಯಿತು, ಲೋಕಸಭೆಯ ಅವಧಿ ಮುಗಿದು 2014ರಲ್ಲಿ ಬಿದ್ದುಹೋಯಿತು. ಕಾನೂನು ಆಯೋಗ 2017ರಲ್ಲಿ ತನ್ನ 273ನೇ ವರದಿಯಲ್ಲಿ ಹೊಸ ಕರಡು ಕೊಟ್ಟಿತು. ಕಾಯ್ದೆ ಮಾಡಿ ಎಂದು ಸಂಸತ್ತಿಗೆ ಹೇಳಲು ಸುಪ್ರೀಂ ಕೋರ್ಟು 2019ರಲ್ಲಿ ನಿರಾಕರಿಸಿತು.

ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಗೋಡೆ ಇದೆ. ಸರ್ಕಾರಿ ನೌಕರನ ಮೇಲೆ ಮೊಕದ್ದಮೆಗೆ ಪೂರ್ವ ಮಂಜೂರಾತಿ ಬೇಕು ಎನ್ನುವ ಸುರಕ್ಷಾ ಸಂಹಿತೆಯ 218ನೇ ಕಲಂನಲ್ಲಿ ಈಗ 120 ದಿನಗಳ ಗಡುವಿದೆ, ಅಷ್ಟರಲ್ಲಿ ಸರ್ಕಾರ ಸುಮ್ಮನಿದ್ದರೆ ಮಂಜೂರಾತಿ ಸಿಕ್ಕಂತೆ. ಆದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಕರ್ತವ್ಯದ ಹೆಸರಿನಲ್ಲಿ ಮಿತಿಮೀರಿ ಮಾಡಿದ ಕೃತ್ಯಕ್ಕೂ ಸರ್ಕಾರದ ಮಂಜೂರಾತಿ ಕೇಳುತ್ತದೆ, ಅಲ್ಲಿ ಅಂಥ ಗಡುವಿಲ್ಲ. 2020ರಲ್ಲಿ ಇಲ್ಲಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ರಕ್ಷಣೆಯನ್ನು ಎತ್ತಿಹಿಡಿದು, ಮಂಜೂರಾತಿ ಇಲ್ಲದ ಖಾಸಗಿ ದೂರನ್ನು ರದ್ದುಮಾಡಿತು. ಚಿತ್ರಹಿಂಸೆಯ ಮೇಲೆ ರಾಜ್ಯವೇ ಕಾಯ್ದೆ ಮಾಡಬಹುದು, ದಂಡ ಕಾನೂನು ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರದ ಸಂಹಿತೆಗೆ ವಿರುದ್ಧವಾದರೆ ರಾಷ್ಟ್ರಪತಿಗಳ ಅಂಕಿತ ಬೇಕಾದೀತು. 170ನೇ ಕಲಂ ಅಂತೂ ರಾಜ್ಯದ ಕಾಯ್ದೆಯೇ. ಅದಕ್ಕೆ ಗಡುವು ಹಾಕುವ, ಕಸ್ಟಡಿಯಲ್ಲಿ ಹೊಡೆದದ್ದನ್ನು ಅದರಿಂದ ಹೊರಗಿಡುವ ತಿದ್ದುಪಡಿಯನ್ನು ವಿಧಾನಸೌಧ ಒಂದು ಅಧಿವೇಶನದಲ್ಲಿ ಮಾಡಬಹುದು.